ಕೈ ತೊಳೆದುಕೊಂಡು ಅಭಿಪ್ರಾಯ ಹೇಳಿ

ನನ್ನ ಮೊಬೈಲಿನಲ್ಲಿ ಆ ಭಾನುವಾರದ ಕೆಲವು ವಿಡಿಯೋಗಳಿವೆ. ಅಳಿಸಿಹಾಕಬೇಕೆಂದು ಎಷ್ಟೋ ಸಲ ತೆಗೆದಿದ್ದೇನೆ. ಪ್ರತಿ ಸಲವೂ ಪೂರ್ತಿ ನೋಡಿ, ಅಳಿಸದೆ ಹಾಗೇ ಬಿಟ್ಟಿದ್ದೇನೆ. ಎಲ್ಲವೂ ಅಜ್ಜಂಪುರದ ಒಂದು ಕಲ್ಯಾಣ ಮಂಟಪದ ಕೈ ತೊಳೆಯುವ ಜಾಗದಲ್ಲಿ ತೆಗೆದು, ಆಮೇಲೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಹಂಚಿದವು. ಹಿಂದೆ ನೀಲಿ ಟೈಲ್ಸು, ಸಾಲಾಗಿ ನಲ್ಲಿಗಳು, ನೀರು ಇಳಿಯುವ ಜಾಲರಿಯ ಮೇಲೆ ಉಳಿದುಕೊಂಡ ಅನ್ನದ ಅಗುಳು, ಕರಿಬೇವಿನ ಎಲೆ, ಹಿಪ್ಪೆ. ಊಟ ಮುಗಿಸಿದವರು ಒಬ್ಬೊಬ್ಬರಾಗಿ ಬರುತ್ತಾರೆ. ಬಾಯಿ ಮುಕ್ಕಳಿಸಿ ಉಗಿದು, ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತ, ನಾಲಿಗೆಯಿಂದ ಹಲ್ಲಿನ ಸಂದಿ ತಡಕುತ್ತ, ಅಮೆರಿಕದಿಂದ ಬಂದ ಆರ್ಕೆಸ್ಟ್ರಾದವರ ಶಾಸ್ತ್ರೀಯ ಸಂಗೀತ ಹೇಗಿತ್ತೆಂದು ಹೇಳುತ್ತಾರೆ. ಕೇಳುತ್ತಿರುವವರು ಕಾರ್ಯಕ್ರಮ ನಡೆಸಿದ ಸಮಿತಿಯ ಉಪಾಧ್ಯಕ್ಷರು. ಅವರ ಮುಖ ಎಲ್ಲೂ ಕಾಣುವುದಿಲ್ಲ. "ಕೈ ತೊಳ್ಕಂಡು ಬನ್ನಿ, ಅಭಿಪ್ರಾಯ ಹೇಳಿ ಹೋಗಿ" ಎಂಬ ಅವರ ಧ್ವನಿ ಮಾತ್ರ ಪ್ರತಿ ವಿಡಿಯೋದ ಮೊದಲಿಗೆ ಕೇಳುತ್ತದೆ.

ಚೆನ್ನಾಗಿತ್ತು ಎನ್ನುತ್ತಾರೆ ಎಲ್ಲರೂ. ನಮ್ಮ ಕಡೆ ಉಂಡ ಮೇಲೆ ಯಾರೂ ಕುಂದು ಹೇಳುವುದಿಲ್ಲ. ಮದುವೆಯಾಗಲಿ ತಿಥಿಯಾಗಲಿ, ಎಲೆ ಬಿಟ್ಟು ಎದ್ದವನ ಬಾಯಲ್ಲಿ ಬರುವ ಮಾತು ಒಂದೇ. ಬಡಿಸಿದವರ ಬಾಗಿಲು ದಾಟುವ ತನಕವಾದರೂ ಅದು ನಡೆದುಬಂದ ಪದ್ಧತಿ. ನಿಜವಾದ ಅಭಿಪ್ರಾಯ ಬೇಕಿದ್ದವರು ಊಟಕ್ಕೆ ಮುಂಚೆ ಕೇಳಬೇಕಿತ್ತು. ಉಪಾಧ್ಯಕ್ಷರು ಇದೇ ಊರಿನವರು, ಅವರಿಗೆ ಇದು ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೇ ನಲ್ಲಿಯ ಹತ್ತಿರ ನಿಂತಿದ್ದರು.

ಅದನ್ನಾದರೂ ಸಹಿಸಬಹುದು. ನನಗೆ ಸಹಿಸಲಾಗದ್ದು ಬೇರೆ. ಹೆಚ್ಚುಕಡಿಮೆ ಪ್ರತಿಯೊಂದು ವಿಡಿಯೋದಲ್ಲೂ ಜನ ನನ್ನ ಅಕ್ಕನ ಪಿಟೀಲನ್ನು ಹೊಗಳುತ್ತಾರೆ. ಅಕ್ಕ ಅವತ್ತು ಪಿಟೀಲು ನುಡಿಸಲಿಲ್ಲ.

ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಉಳಿದದ್ದರಲ್ಲಿ ಎಷ್ಟು ಖಚಿತವೋ ಗೊತ್ತಿಲ್ಲ. ಅವತ್ತು ಅಕ್ಕ ಉಟ್ಟಿದ್ದ ಸೀರೆ ನನಗೆ ಹಸಿರು ಅಂತ ನೆನಪು, ಅವಳಿಗೆ ಅರಿಶಿನ ಬಣ್ಣದ್ದು ಅಂತ. ವಿಡಿಯೋದಲ್ಲಿ ಸೀರೆ ಕಾಣುವುದಿಲ್ಲ, ನಲ್ಲಿ ಕಾಣುತ್ತದೆ. ನೆನಪು ತನಗೆ ಬೇಕಾದ ಕಡೆ ಹೊಲಿಗೆ ಹಾಕಿಕೊಳ್ಳುತ್ತದೆಂದು ತಿಳಿದವನು ನಾನು. ಅದಕ್ಕೇ ಹೊಲಿಗೆ ಕಂಡ ಕಡೆಯೆಲ್ಲ ಬಿಚ್ಚಿಯೇ ಇಡುತ್ತೇನೆ.

ಅಕ್ಕನದು ಅಜ್ಜಂಪುರ, ನನ್ನದು ಕಡೂರು. ಬೀರೂರಿನ ಮೇಲೆ ಹೋಗಿ ಬರುವ ರೈಲೋ ಬಸ್ಸೋ ಹಿಡಿದರೆ ಬೆಳಗಿನ ಕಾಫಿ ಇಲ್ಲಿ, ತಿಂಡಿ ಅಲ್ಲಿ. ಅವಳು ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಾಳೆ. ಊರಿನಲ್ಲಿ ಯಾವ ಸಭೆ ನಡೆದರೂ ಪ್ರಾರ್ಥನೆಗೆ ಅವಳೇ. ಹಾಡುವವರು ಬದಲಾಗುತ್ತಾರೆ, ಹಿಂದೆ ಕೂತ ಪಿಟೀಲು ಬದಲಾಗುವುದಿಲ್ಲ. ಮದುವೆಯ ಆರತಕ್ಷತೆಗೂ ಕರೆಯುತ್ತಾರೆ. ವೇದಿಕೆಯ ಪಕ್ಕದಲ್ಲಿ ಕೂರಿಸುತ್ತಾರೆ, ಫ್ಯಾನು ಅತ್ತ ತಿರುಗಿಸುತ್ತಾರೆ, ಆಮೇಲೆ ಮರೆಯುತ್ತಾರೆ. "ನಾನು ಕಮಾನು ಎತ್ತಿದ ತಕ್ಷಣ ಜನಕ್ಕೆ ಆಡೋ ಮಾತೆಲ್ಲ ನೆನಪಾಗ್ತವೆ ಕಣೋ" ಎಂದು ಅವಳೇ ನಗುತ್ತಾಳೆ. ನಗುವಾಗ ಕೆಳಗೆ ನೋಡುತ್ತಾಳೆ.

ಅಮೆರಿಕದ ಒಂದು ಕಾಲೇಜಿನ ಹುಡುಗ ಹುಡುಗಿಯರ ಆರ್ಕೆಸ್ಟ್ರಾ ನಮ್ಮ ಕಡೆಯ ಸಣ್ಣ ಊರುಗಳಲ್ಲಿ ತಮ್ಮ ದೇಶದ ಶಾಸ್ತ್ರೀಯ ಸಂಗೀತ ನುಡಿಸಲು ಬರುತ್ತದೆ ಎಂದಾಗ, ಅವರ ಕಡೆಯವರು ಸಮಿತಿಗೆ ಒಂದು ಮಾತು ಹೇಳಿದ್ದರು. ಕೊನೆಯಲ್ಲಿ ಅವರು ನುಡಿಸುವ ದೊಡ್ಡ ಕೃತಿಗೆ ಮೂರು ಭಾಗ. ಅದರ ಮೂರನೆಯ ಭಾಗವನ್ನು ಹೋದಹೋದ ಊರಿನ ಒಬ್ಬ ಪಿಟೀಲುಗಾರರ ಜೊತೆಗೇ ನುಡಿಸಬೇಕೆಂದು ಅದನ್ನು ರಚಿಸಿದವರು ಬರೆದಿದ್ದಾರಂತೆ. ಆ ಒಬ್ಬರು ಮುಂದೆ ಕೂತು ಒಂಟಿಯಾಗಿ ನುಡಿಸುತ್ತಾರೆ, ಅವರೆಲ್ಲ ಹಿಂದಿನಿಂದ ಉತ್ತರ ಕೊಡುತ್ತಾರೆ. ಸಮಿತಿಯವರು ಯೋಚನೆ ಮಾಡಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಅಜ್ಜಂಪುರದಲ್ಲಿ ಪಿಟೀಲು ಅಂದರೆ ಅಕ್ಕ.

ಧ್ವನಿಮುದ್ರಣ ಕಳಿಸಿದರು. ಅಕ್ಕ ಬೇಸಿಗೆಯಿಡೀ ಅದನ್ನು ಕೇಳಿದಳು. ಅವರ ಸಂಗೀತದ ಬರವಣಿಗೆ ಅವಳಿಗೆ ಓದಲು ಬರುವುದಿಲ್ಲ, ಕೇಳಿ ಕೇಳಿ ತನ್ನ ಸ್ವರಗಳಲ್ಲಿ ಕೂರಿಸಿಕೊಂಡಳು. ನಾನು ಹೋದಾಗಲೆಲ್ಲ ಒಳಗಿಂದ ಅದೇ ಬರುತ್ತಿತ್ತು: ಒಂದು ತುಣುಕು, ನಂತರ ಉದ್ದನೆಯ ಮೌನ, ಮತ್ತೆ ಒಂದು ತುಣುಕು. ಮೌನದಲ್ಲಿ ಏನು ಮಾಡುತ್ತೀಯ ಎಂದು ಕೇಳಿದೆ.

"ಅವರು ನುಡಿಸ್ತಿರ್ತಾರೆ, ನಾನು ಎಣಿಸ್ತಿರ್ತೀನಿ."

"ಅಷ್ಟು ಹೊತ್ತಾ?"

"ಎಣಿಸಬಹುದು ಬಿಡೋ. ಆಮೇಲೆ ಮತ್ತೆ ನಾನೇ ಅಲ್ವಾ. ಆಗ ಅವರು ನಲವತ್ತು ಜನಾನೂ ಸುಮ್ಮನಿರ್ತಾರೆ. ಮುಂದೆ ನಿಂತು ನಡೆಸೋರೂ ಕೋಲು ಇಳಿಸಿಬಿಟ್ಟಿರ್ತಾರೆ. ಅವರೇ ಸುಮ್ಮನಿದ್ದ ಮೇಲೆ ನಮ್ಮೂರೋರು ಮಾತಾಡ್ತಾರಾ?" ಕಮಾನು ಕೆಳಗಿಟ್ಟು ಅಂದಳು, "ಒಂದು ಸಲ ಕಣೋ. ನಮ್ಮೂರ ಜನ ಸುಮ್ಮನೆ ಕೂತು, ನಾನು ನುಡಿಸೋದನ್ನ ಶುರುವಿಂದ ಕೊನೇವರೆಗೆ ಒಂದು ಸಲ ಕೇಳಬೇಕು. ಇನ್ನೇನೂ ಬೇಡ."

ಅಷ್ಟೇ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಹಿಂದಿನ ದಿನ ತರೀಕೆರೆಯಲ್ಲಿ, ಅವರೆಲ್ಲ ಉಳಿದುಕೊಂಡಿದ್ದ ಲಾಡ್ಜಿನ ಪಾರ್ಟಿ ಹಾಲಿನಲ್ಲಿ ಅಭ್ಯಾಸ ನಡೆಯಿತು. ಅಕ್ಕ ಕುರ್ಚಿ ಬೇಡವೆಂದಳು. ಎರಡು ಟೇಬಲ್ ಜೋಡಿಸಿ ಜಮಖಾನ ಹಾಸಿದರು. ಅವಳು ಕಾಲು ಮಡಿಸಿ ಕೂತು, ಪಿಟೀಲಿನ ತಲೆಯನ್ನು ಹಿಮ್ಮಡಿಗೆ ಆನಿಸಿ ನುಡಿಸಿದಳು. ಆ ಹುಡುಗ ಹುಡುಗಿಯರು ತಮ್ಮ ವಾದ್ಯಗಳನ್ನು ತೊಡೆಯ ಮೇಲಿಟ್ಟುಕೊಂಡು ಉಸಿರೂ ಬಿಡದ ಹಾಗೆ ಕೂತು ಕೇಳಿದರು. ಹಾಲಿನ ಹೊರಗೆ ಯಾರೋ ಬಕೆಟ್ಟು ಎಳೆದ ಸದ್ದು, ಅದು ಬಿಟ್ಟರೆ ಅಕ್ಕನ ಪಿಟೀಲು ಮಾತ್ರ. ಇದನ್ನು ನಾನು ಎಷ್ಟೋ ಜನಕ್ಕೆ ವರ್ಣಿಸಿ ಹೇಳಿದ್ದೇನೆ. ಮೊನ್ನೆ ಅಕ್ಕ ಅಂದಳು, "ನೀನೆಲ್ಲೋ ಇದ್ದೆ ಅಲ್ಲಿ? ಕಾಫಿ ತರ್ತೀನಿ ಅಂತ ಕೆಳಗೆ ಹೋದೋನು ಮುಗಿದ ಮೇಲೆ ಬಂದೆ." ಇರಬಹುದು. ಹಾಗಾದರೆ ಬಕೆಟ್ಟಿನ ಸದ್ದು ನಾನು ಕೆಳಗೆ ಕೇಳಿದ್ದು. ಮೇಲಿನದನ್ನು ಅವಳ ಮುಖ ನೋಡಿ ನಾನೇ ಕಟ್ಟಿಕೊಂಡೆ. ಮೆಟ್ಟಿಲಿಳಿದು ಬರುವಾಗ ಅವಳ ಮುಖ ಹೇಗಿತ್ತೆಂದರೆ, ಬಿಡಿ, ಅದೂ ಒಂದು ಹೊಲಿಗೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ. ಮಂಟಪ ತುಂಬಿತ್ತು. ಆರ್ಕೆಸ್ಟ್ರಾ ಎಂದು ಬ್ಯಾನರಿನಲ್ಲಿ ನೋಡಿ ಸಿನಿಮಾ ಹಾಡು ಇರುತ್ತದೆಂದು ಬಂದವರೇ ಹೆಚ್ಚು. ಅಮೆರಿಕದವರು ಅಂದಮೇಲೆ ಡ್ಯಾನ್ಸೂ ಇರುತ್ತದೆಂದು ಕೆಲವರು ಸೇರಿಸಿಕೊಂಡಿದ್ದರು. ಮಠದ ಗುರುಗಳ ಸಾನ್ನಿಧ್ಯ. ಅವರ ಕುರ್ಚಿಯನ್ನು ಮೊದಲು ಸಭೆಯ ಮುಂದೆ ನಡುವೆ ಇಟ್ಟಿದ್ದರು. ಕೋಲು ಹಿಡಿದು ನಿಂತು ಆರ್ಕೆಸ್ಟ್ರಾ ನಡೆಸುವ ಮೇಷ್ಟ್ರಮ್ಮ, ಎತ್ತರದ, ಬೆಳ್ಳಿಕೂದಲಿನ ಹೆಂಗಸು, ಪೂರ್ತಿ ಹೊತ್ತು ಸಭೆಗೆ ಬೆನ್ನು ಮಾಡಿ ನಿಲ್ಲುತ್ತಾಳೆಂದು ಗೊತ್ತಾದಾಗ ಸಮಿತಿಯಲ್ಲಿ ಗುಸುಗುಸು ಎದ್ದಿತು.

"ಗುರುಗಳಿಗೆ ಬೆನ್ನು ಹಾಕ್ಕಂಡು ನಿಂತ್ಕಳಾದಾ? ಈ ಕಡೆ ತಿರುಗಿ ನಿಂತ್ಕಳಕ್ಕೆ ಹೇಳ್ರೀ."

"ತಿರುಗಿದ್ರೆ ಅವ್ರಿಗೆ ಹೇಳ್ಕೊಡೋರ್ಯಾರು?"

"ಅಷ್ಟು ವರ್ಷ ಕಲ್ತವ್ರೆ, ಇನ್ನೂ ಹೇಳ್ಕೊಡ್ಬೇಕಾ?"

ಕೊನೆಗೆ ಗುರುಗಳ ಕುರ್ಚಿಯನ್ನೇ ಎತ್ತಿ ವೇದಿಕೆಯ ಮೇಲೆ, ಒಂದು ಪಕ್ಕದಲ್ಲಿ, ದೊಡ್ಡ ನಗಾರಿಗಳ ಮಗ್ಗುಲಲ್ಲಿ ಇಟ್ಟರು. ಗುರುಗಳು ಒಳ್ಳೆಯವರು, ಏನೂ ಅನ್ನಲಿಲ್ಲ. ನಗಾರಿಗೆ ಏಟು ಬಿದ್ದಾಗಲೆಲ್ಲ ಅವರ ಭುಜ ಸಣ್ಣಗೆ ಅದುರುತ್ತಿತ್ತು. ಅವರ ಕುರ್ಚಿಯ ಹಿಂದೆ ಉಪಾಧ್ಯಕ್ಷರು ಮೈಕು ಹಿಡಿದು ನಿಂತಿದ್ದರು. ಈ ಕಡೆ, ಎಲ್ಲರಿಗಿಂತ ಮುಂದೆ, ಮರದ ಮಂಚದ ಮೇಲೆ ಅಕ್ಕ. ಹಸಿರೋ ಅರಿಶಿನವೋ ಸೀರೆ. ಮೊದಲಿಗೆ ಒಂದು ಸಲ ತಂತಿ ಮೀಟಿ, ಕಮಾನು ಎಳೆದು ಶ್ರುತಿ ನೋಡಿಕೊಂಡಳು. ಆಮೇಲೆ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು, ಕೈ ಜೋಡಿಸಿದಂತೆ ಕಟ್ಟಿಕೊಂಡು, ತನ್ನ ಸರದಿಗಾಗಿ ಕೂತಳು. ಅಷ್ಟು ಸದ್ದೇ ಅವಳ ಪಿಟೀಲು ಅವತ್ತು ಮಾಡಿದ್ದು.

ಸಂಗೀತದ ಬಗ್ಗೆ ನಾನು ಹೇಳಬಲ್ಲದ್ದು ಕಡಿಮೆ. ಒಂದು ಕೃತಿ ನದಿಯ ಬಗ್ಗೆ ಎಂದರು, ನನಗೆ ಗೂಡ್ಸ್ ರೈಲು ಕಂಡಿತು. ಇನ್ನೊಂದರಲ್ಲಿ ಹಿತ್ತಾಳೆಯ ತುತ್ತೂರಿಗಳೆಲ್ಲ ಒಟ್ಟಿಗೆ ಎದ್ದು ಬೆಳಕಿನ ಬಾಗಿಲು ತೆಗೆದ ಹಾಗಾಯಿತು. ನನ್ನ ಹಿಂದಿನ ಸಾಲಿನಲ್ಲಿ ಯಾರೋ ನೆಂಟರ ಮನೆಯ ಕೊಳವೆಬಾವಿಯ ವಿಚಾರ ಮುಗಿಸಿ ಸಕ್ಕರೆ ಕಾಯಿಲೆಗೆ ಬಂದಿದ್ದರು. ಅಂದರೆ ಜನ ಮಾತಾಡುತ್ತಲೇ ಇದ್ದರು, ನಲವತ್ತು ವಾದ್ಯಗಳನ್ನು ಮೀರಿಸಿ.

ಮೂರು ಭಾಗದ ದೊಡ್ಡ ಕೃತಿ ಶುರುವಾಯಿತು. ಮೊದಲ ಭಾಗ ಗದ್ದಲದ್ದು. ಎರಡನೆಯದು ನಿಧಾನದ್ದು, ಸಂಜೆ ಕೆರೆಯ ಮೇಲೆ ಬೆಳಕು ಸಣ್ಣಗಾಗುತ್ತ ಹೋದಂತೆ ಸಣ್ಣಗಾಗುತ್ತ ಹೋಗಿ, ಕೊನೆಗೆ ನಿಂತಿತೋ ಇಲ್ಲವೋ ತಿಳಿಯದ ಹಾಗೆ ನಿಂತಿತು. ಮೇಷ್ಟ್ರಮ್ಮನ ಎರಡೂ ಕೈ ಮೇಲೆಯೇ ಇದ್ದವು. ವೇದಿಕೆಯ ಮೇಲೆ ಯಾರೂ ಅಲುಗಲಿಲ್ಲ. ಮತ್ತೆ, ಹೇಗೋ ಏನೋ, ಸಭೆಯೂ ಸುಮ್ಮನಾಯಿತು. ಸಕ್ಕರೆ ಕಾಯಿಲೆಯೂ ನಿಂತಿತು. ಅಕ್ಕ ಪಿಟೀಲನ್ನು ಎತ್ತಿ ಎದೆಗೆ ಆನಿಸಿಕೊಂಡಳು. ಕಮಾನು ತಂತಿಯ ಹತ್ತಿರ ಬಂತು.

ಆಗ ಗುರುಗಳು, ಪಾಪ, ಹಿಂದಕ್ಕೆ ತಿರುಗಿ "ಮುಗಿಯಿತೇ?" ಎಂದು ಕೇಳಿದರು. ಅವರಿಗೆ ಸಿಂಗಟಗೆರೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೊತ್ತಾಗುತ್ತಿತ್ತು. ನಮ್ಮಲ್ಲಿ ಗುರುಗಳು ಎದ್ದರೆಂದರೆ ಸಭೆ ಮುಗಿದ ಹಾಗೆ. ಅವರು ಎದ್ದ ಮೇಲೆ ಸನ್ಮಾನ ಮಾಡುವಂತಿಲ್ಲ, ಅವರ ಕೈಯಿಂದಲೇ ಶಾಲು ಹೊದಿಸಬೇಕು. ಉಪಾಧ್ಯಕ್ಷರು ಬಗ್ಗಿ "ಮುಗೀತು ಬುದ್ಧೀ" ಎಂದರು. ಮೈಕು ಅವರ ಕೈಯಲ್ಲೇ ಇದ್ದದ್ದರಿಂದ ಅದು ಇಡೀ ಮಂಟಪಕ್ಕೆ ಕೇಳಿಸಿತು.

ಅನಂತರದ್ದು ಬಹಳ ಬೇಗ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಹೊತ್ತವರು ಒಂದೇ ಏಟಿಗೆ ವೇದಿಕೆ ಹತ್ತಿದರು. ಮೇಷ್ಟ್ರಮ್ಮನ ಕೈ ಇನ್ನೂ ಮೇಲೆಯೇ ಇತ್ತು, ಅದರ ಮೇಲಿಂದಲೇ ಹಾರ ಇಳಿಯಿತು. ಪೇಟ ತಂದದ್ದು ಗಂಡಸು ಬರುತ್ತಾನೆಂದು ತಿಳಿದು. ಹೆಂಗಸಿನ ತಲೆಗೆ ಇಡುವುದೋ ಬೇಡವೋ ಎಂದು ಒಂದು ಕ್ಷಣ ತಡವರಿಸಿ, ಹಿಂದೆ ಆಳೆತ್ತರದ ಪಿಟೀಲನ್ನು ನಿಂತೇ ನುಡಿಸುತ್ತಿದ್ದ ಹುಡುಗನ ತಲೆಗೆ ಇಟ್ಟರು. ಅಷ್ಟು ಹೊತ್ತು ನಿಂತಿದ್ದವನು ಯಜಮಾನನೇ ಇರಬೇಕೆಂದು ಅವರ ಲೆಕ್ಕ. ಜನ ಚಪ್ಪಾಳೆ ತಟ್ಟಿದರು, ಅವತ್ತಿನ ಅತ್ಯಂತ ದೊಡ್ಡ ಚಪ್ಪಾಳೆ. ಅಕ್ಕನ ಕಮಾನು ತಂತಿಯ ಹತ್ತಿರವೇ ಇತ್ತು. ಅವಳ ಹೆಗಲಿಗೂ ಒಂದು ಶಾಲು ಬಂತು. ಶಾಲಿನ ಅಂಚು ಕಮಾನಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡಳು.

ನಾನು ಓಡಿಹೋಗಿ ಉಪಾಧ್ಯಕ್ಷರ ತೋಳು ಹಿಡಿದೆ. "ಇನ್ನೂ ಒಂದು ಭಾಗ ಇದೆ ಸ್ವಾಮಿ. ಅಕ್ಕ ನುಡಿಸಬೇಕಾದದ್ದು ಅದೇ."

"ಇನ್ನೂ ಐತಾ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಎಷ್ಟ್ ಬಾರಿಸ್ತಾರೆ ಸಾರ್ ಇವ್ರು. ಸಾಕು ಬಿಡಿ. ಅನ್ನ ಆರೋಯ್ತದೆ."

ಅಷ್ಟರಲ್ಲಿ ಗುರುಗಳು ಎದ್ದಿದ್ದರು. ಅವರ ಹಿಂದೆಯೇ ಸಭೆ ಎದ್ದಿತು. ಜನ ಊಟದ ಹಾಲಿನ ಬಾಗಿಲಿಗೆ ಒತ್ತಿದ ರೀತಿಯನ್ನು ನಾನು ಬರೆಯಲಾರೆ. ಮೊಣಕೈ, ಹೊಟ್ಟೆ, ಮಕ್ಕಳನ್ನು ಮುಂದೆ ದೂಡಿ ಜಾಗ ಹಿಡಿಸುವುದು, ಕುರ್ಚಿಯ ಮೇಲೆ ಕರ್ಚೀಫು ಎಸೆಯುವುದು. ಶಾಮಿಯಾನದವನು ಕುರ್ಚಿಗಳನ್ನು ಆಗಲೇ ಮಡಚಿ ಒಂದರ ಮೇಲೊಂದು ಬಡಿಯುತ್ತಿದ್ದ. ಆ ಹುಡುಗ ಹುಡುಗಿಯರು ವಾದ್ಯ ಹಿಡಿದುಕೊಂಡು ಕೂತೇ ಇದ್ದರು, ಮತ್ತೆ ಕರೆಯುತ್ತಾರೇನೋ ಎಂಬಂತೆ. ಯಾರೂ ಕರೆಯಲಿಲ್ಲ. ಅವರ ಬಸ್ಸು ಊಟವಾದ ತಕ್ಷಣ ಬೆಂಗಳೂರಿಗೆ ಹೊರಡಬೇಕಿತ್ತು.

ಮೇಷ್ಟ್ರಮ್ಮ ಹಾರ ತೆಗೆದು ಕುರ್ಚಿಗೆ ಹಾಕಿ, ಅಕ್ಕನ ಮಂಚದ ಹತ್ತಿರ ಬಂದು ನೆಲದ ಮೇಲೆ ಕೂತಳು. ಅವಳ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದಳು. ಕ್ಷಮಿಸಿ ಎನ್ನುತ್ತಿದ್ದಾರೆ ಎಂದು ನಾನು ಹೇಳಿದೆ.

ಅಕ್ಕ ಕೈ ಬಿಡಿಸಿಕೊಂಡು ಕಮಾನನ್ನು ಪೆಟ್ಟಿಗೆಯಲ್ಲಿಟ್ಟಳು. "ಊಟ ಮಾಡ್ಕೊಂಡು ಹೋಗಕ್ಕೆ ಹೇಳೋ" ಎಂದಳು.

ಈಗ ವಿಡಿಯೋಗಳು.

ಚೌಳಹಿರಿಯೂರಿನ ಕಡೆಯ ಕೊಬ್ಬರಿ ವ್ಯಾಪಾರಿ ಒಬ್ಬರಿದ್ದಾರೆ, ಅಕ್ಕನ ಮನೆಯ ಬೀದಿಯಲ್ಲೇ ಅವರ ಮಂಡಿ. ದಪ್ಪ ಮನುಷ್ಯ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಎಲ್ರೂ ಒಂದೇ ಸಲ ಕಡ್ಡಿ ಎತ್ತುದ್ರು ಕಣ್ರೀ, ಒಂದೇ ಸಲ ಇಳಿಸುದ್ರು. ನಮ್ ಸೊಸೈಟಿ ಮೀಟಿಂಗ್ನಾಗೆ ಹಿಂಗ್ ಕೈ ಎತ್ತಿದ್ದಿದ್ರೆ ಎಷ್ಟ್ ಕೆಲ್ಸ ಆಗಿರೋವು." ಹಿಂದೆ ಯಾರೋ ನಗುತ್ತಾರೆ. "ಇನ್ನು ನಮ್ ಪಿಟೀಲಮ್ಮೋರು, ಅದಂತೂ ಬಿಡಿ. ಅಮೆರಿಕದೋರೆಲ್ಲ ಬಾಯ್ ಬಿಟ್ಕಂಡು ಕೇಳ್ತಿದ್ರು."

ಇಬ್ಬರು ಗೆಳೆಯರು ಒಟ್ಟಿಗೆ ಬರುತ್ತಾರೆ.

"ಆ ಯಮ್ಮ ಏನ್ ಬಾರ್ಸುದ್ಲು ಹೇಳ್ಲಾ. ಏನೂ ಇಲ್ಲ. ಕೋಲ್ ಹಿಡ್ಕಂಡು ಎಲ್ರುನ್ನೂ ಗದರುಸ್ತಿದ್ಲು. ಹಾರ ಮಾತ್ರ ಅವ್ಳಿಗೆ."

"ಮೇಸ್ತ್ರಿ ಕಣ್ಲಾ ಅವ್ಳು. ಮೇಸ್ತ್ರಿ ಯಾವತ್ತಾನ ಗಾರೆ ಕಲಸಿದ್ದು ನೋಡಿದೀಯಾ?"

"ಹಾಡೋರು ಇವಾಗ ಬತ್ತಾರೆ ಆವಾಗ ಬತ್ತಾರೆ ಅಂತ ಕಾದೆ. ಬರ್ಲೇ ಇಲ್ಲ."

"ಚೆನ್ನಾಗಿತ್ತು ಅಂತ ಹೇಳ್ಲಾ, ರೆಕಾರ್ಡ್ ಆಯ್ತೈತೆ."

"ಚೆನ್ನಾಗಿತ್ತು."

ಮುಂದೆ ಒಬ್ಬ ಗೃಹಿಣಿ. "ಹೋಳಿಗೆ ಬಾಳ ಮೆತ್ತಗಿತ್ತು" ಎನ್ನುತ್ತಾರೆ. "ಹೋಳಿಗೆ ಅಲ್ಲಮ್ಮ, ಸಂಗೀತ" ಎನ್ನುತ್ತದೆ ಉಪಾಧ್ಯಕ್ಷರ ಧ್ವನಿ. "ಅದೂ ಹಂಗೇ ಇತ್ತು." ನಂತರ ನಿವೃತ್ತ ಅಧ್ಯಾಪಕರೊಬ್ಬರು. ಇವರನ್ನು ನೋಡುವಾಗ ನನಗೆ ಮೊಬೈಲು ಎಸೆಯಬೇಕೆನ್ನಿಸುತ್ತದೆ. ಪೂರ್ವ ಪಶ್ಚಿಮಗಳ ಸಮಾಗಮ, ನಾದಕ್ಕೆ ಗಡಿಯಿಲ್ಲ, ಅಮೆರಿಕದ ಅಬ್ಬರದ ನಡುವೆ ನಮ್ಮ ನೆಲದ ಪಿಟೀಲು ತಾಯಿಯ ಜೋಗುಳದಂತೆ ಹರಿದು ಬಂದು ಇಡೀ ಸಭೆಯ ಕಣ್ಣು ಒದ್ದೆ ಮಾಡಿತು. ಇಷ್ಟನ್ನೂ ಹೇಳುವಾಗ ಅವರ ಕೆಳದುಟಿಯ ಮೇಲೆ ಕೋಸಂಬರಿಯ ಒಂದು ಹೆಸರುಬೇಳೆ ಕೂತಿರುತ್ತದೆ. "ಜೋಗುಳ" ಎಂದಾಗ ಅಲುಗುತ್ತದೆ, "ಒದ್ದೆ" ಎಂದಾಗ ಬೀಳುತ್ತದೇನೋ ಅನ್ನಿಸುತ್ತದೆ, ಬೀಳುವುದಿಲ್ಲ. ಆ ಬೇಳೆಯೊಂದೇ ಆ ವಿಡಿಯೋದಲ್ಲಿರುವ ನಿಜ.

ಇವರು ಸುಳ್ಳು ಹೇಳುತ್ತಿದ್ದಾರೆಂದು ಮೊದಮೊದಲು ತಿಳಿದಿದ್ದೆ. ಸುಳ್ಳಾಗಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ಇವರಿಗೆ ಗೊತ್ತಿರಲಿಲ್ಲ. ಅಕ್ಕ ಪಿಟೀಲು ಹಿಡಿದು ಎಲ್ಲರಿಗಿಂತ ಮುಂದೆ ಕೂತಿದ್ದಳು, ಎಲ್ಲಿಂದಲೋ ಪಿಟೀಲಿನ ಸದ್ದು ಬರುತ್ತಿತ್ತು, ಅದು ಅವಳದೇ. ಇಷ್ಟು ವರ್ಷ ಪ್ರಾರ್ಥನೆಯಲ್ಲಿ, ಆರತಕ್ಷತೆಯಲ್ಲಿ ಅವರು ಅವಳನ್ನು ಕೇಳಿದ್ದೂ ಹೀಗೇ. ನುಡಿಸಿದರೂ ನುಡಿಸದಿದ್ದರೂ ಅವರಿಗೆ ಬರುವ ಅಭಿಪ್ರಾಯ ಒಂದೇ ಎನ್ನುವುದು ಆ ನಲ್ಲಿಗಳ ಮುಂದೆ ಸಾಬೀತಾಯಿತು.

ಮರುದಿನದಿಂದ ಅಕ್ಕನ ಮನೆಗೆ ಜನ ಬರತೊಡಗಿದರು. ಸೊಪ್ಪಿನ ಅಂಗಡಿಯ ಹೆಂಗಸು, ಬ್ಯಾಂಕಿನವರು, ಪಾಠಕ್ಕೆ ಬರುವ ಮಕ್ಕಳ ತಾಯಂದಿರು. "ಎಷ್ಟ್ ಚೆನ್ನಾಗಿ ನುಡಿಸುದ್ರಿ ಮೇಡಮ್." ಅಕ್ಕ ಮೊದಲ ಕೆಲವರಿಗೆ ಹೇಳಿ ನೋಡಿದಳು: ನಾನು ನುಡಿಸಲಿಲ್ಲ, ನನ್ನ ಭಾಗ ಬರುವ ಮುಂಚೆಯೇ ನಿಲ್ಲಿಸಿಬಿಟ್ಟರು. ಅವರು ನಕ್ಕು, "ದೊಡ್ಡೋರ ಲಕ್ಷಣವೇ ಹಂಗೆ" ಎಂದು ಹೋದರು. ಆಮೇಲೆ ಹೇಳುವುದನ್ನು ಬಿಟ್ಟಳು. ಬಂದವರಿಗೆ ಕಾಫಿ ಕೊಟ್ಟು, ಕೆಳಗೆ ನೋಡಿಕೊಂಡು ನಿಲ್ಲುತ್ತಿದ್ದಳು. ಒಂದು ದಿನ ನಾನು ಹೋದಾಗ ಪಿಟೀಲಿನ ಪೆಟ್ಟಿಗೆ ಬೀರುವಿನ ಮೇಲೆ ಹೋಗಿತ್ತು. ಮಕ್ಕಳಿಗೆ ಬಾಯಲ್ಲೇ ಪಾಠ ಹೇಳುತ್ತಿದ್ದಳು.

"ಏನಿದು?"

"ತೆಗೆದು ಏನ್ ಮಾಡ್ಲಿ? ತೆಗೀದೇ ಇದ್ರೂ ಚೆನ್ನಾಗೇ ಇರತ್ತಂತಲ್ಲ."

ಈ ಮಾತನ್ನು ಅವಳು ತಣ್ಣಗೆ ಹೇಳಿದಳು. ನನಗೆ ಅವತ್ತು ಆ ಊರಿನ ನೀರು ಕುಡಿಯಲೂ ಮನಸ್ಸಾಗಲಿಲ್ಲ.

ರಾಜ್ಯೋತ್ಸವ ಬಂತು. ಅದೇ ಸಮಿತಿ, ಅದೇ ಉಪಾಧ್ಯಕ್ಷರು. ಶಾಲೆಯೊಂದರ ಸಭಾಂಗಣದಲ್ಲಿ ಸಾಧಕರಿಗೆ ಸನ್ಮಾನ. ಆಹ್ವಾನ ಪತ್ರಿಕೆಯಲ್ಲಿ ಅಕ್ಕನ ಫೋಟೋ, ಕೆಳಗೆ "ಅಮೆರಿಕದ ಆರ್ಕೆಸ್ಟ್ರಾದೊಂದಿಗೆ ಪಿಟೀಲು ನುಡಿಸಿ ನಾಡಿಗೆ ಕೀರ್ತಿ ತಂದವರು" ಎಂದಿತ್ತು. ಹೋಗಬೇಡ ಎಂದು ಫೋನಿನಲ್ಲಿ ಕೂಗಾಡಿದೆ. ನಾನು ಹೋಗ್ತೀನಿ, ನೀನೂ ಬಾ, ಎಂದಳು. ಹೋದಾಗ ಬೀರುವಿನ ಮೇಲೆ ಪೆಟ್ಟಿಗೆ ಇರಲಿಲ್ಲ.

ಸಾಧಕರು ಸಾಲಾಗಿ ಕೂತರು. ಅಕ್ಕನ ಸರದಿ ಬಂದಾಗ, ಶಾಲು ಬರುವ ಮುಂಚೆಯೇ ಮೈಕು ಕೇಳಿ ತೆಗೆದುಕೊಂಡಳು. ಅವಳು ಮೈಕಿನಲ್ಲಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅವತ್ತು ನಾನು ನುಡಿಸಲಿಲ್ಲ. ನನ್ನ ಭಾಗಕ್ಕೆ ಮುಂಚೆ ಕಾರ್ಯಕ್ರಮ ನಿಂತುಹೋಯಿತು. ಆ ಭಾಗವನ್ನು ಈಗ ನುಡಿಸ್ತೀನಿ, ಆಮೇಲೆ ಶಾಲು ಹಾಕಿ."

ಸಭೆ ಚಪ್ಪಾಳೆ ತಟ್ಟಿತು. "ಎಂಥಾ ವಿನಯ ನೋಡಿ" ಎಂದು ಉಪಾಧ್ಯಕ್ಷರು ಇನ್ನೊಂದು ಮೈಕಿನಲ್ಲಿ ಹೇಳಿದರು. ನಿಜ ಹೇಳಿದರೂ ಅದನ್ನು ತೊಳೆದು, ಹೂವಿಟ್ಟು, ತಟ್ಟೆಯಲ್ಲಿ ವಾಪಸು ಕೊಡುವ ಜನ.

ಅಕ್ಕ ನೆಲದ ಮೇಲೆ ಜಮಖಾನ ಹಾಸಿಸಿಕೊಂಡು ಕೂತು ಶುರುಮಾಡಿದಳು. ಹಿಂದೆ ಯಾರೂ ಇರಲಿಲ್ಲ. ಅದು ಒಂಟಿಯಾಗಿ ನುಡಿಸುವ ಕೃತಿಯೇ ಅಲ್ಲ. ಅವಳ ಭಾಗ ಮುಗಿದ ಕಡೆ ಅವರು ಉತ್ತರ ಕೊಡಬೇಕು. ಅಕ್ಕ ಆ ಜಾಗಗಳನ್ನು ಹಾರಿಸಲಿಲ್ಲ. ಒಂದು ತುಣುಕು ನುಡಿಸಿ ಕಮಾನು ಇಳಿಸಿ, ತೊಡೆಯ ಮೇಲೆ ಬೆರಳಿನಿಂದ ಎಣಿಸುತ್ತ ಕೂತಳು. ಮೊದಲ ಸಲ ಜನ ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಅವಳು ಎಣಿಸುತ್ತಲೇ ಇದ್ದಳು. ಚಪ್ಪಾಳೆ ನಾಚಿಕೊಂಡು ನಿಂತಿತು. ಮತ್ತೆ ನುಡಿಸಿದಳು, ಮತ್ತೆ ನಿಲ್ಲಿಸಿದಳು. ಎರಡನೆಯ ಸಲ ಮಾತು ಶುರುವಾಯಿತು. ಆದರೆ ಇದೇನು, ಯಾಕೆ ಸುಮ್ಮನೆ ಕೂತಿದ್ದಾರೆ ಎಂದು ತಿಳಿಯದೆ ಮಾತೂ ದಾರಿ ತಪ್ಪಿತು. ಮೂರನೆಯ ಸಲ ಎಲ್ಲರೂ ಅವಳ ಬೆರಳನ್ನೇ ನೋಡುತ್ತಿದ್ದರು, ಯಾವಾಗ ನಿಲ್ಲುತ್ತದೆ ಎಂದು. ಬೆರಳು ನಿಂತಿತು, ಕಮಾನು ಎದ್ದಿತು. ಸಭಾಂಗಣದಲ್ಲಿ ಸದ್ದಿರಲಿಲ್ಲ.

ಸದ್ದಿರಲಿಲ್ಲ ಎಂದು ಬರೆದಿದ್ದೇನೆ. ನನಗೆ ಬೇಕಾದ್ದರಿಂದ ಹಾಗೆ ಕೇಳಿಸಿರಬಹುದು. ಯಾವುದೋ ಮಗು ಅಳುತ್ತಿತ್ತು ಅಂತಲೂ ಅನ್ನಿಸುತ್ತದೆ. ನಡುವೆ ಒಂದು ಕಡೆ, ಎತ್ತರದ ಸ್ವರದ ಮೇಲೆ ಅಕ್ಕನ ಕೈ ನಡುಗಿತು. ಅದು ಮಾತ್ರ ನಿಜ.

ಮುಗಿದ ಮೇಲೆ ಶಾಲು, ಫೋಟೋ. ಹೊರಗೆ ಬಂದು ಪಿಟೀಲಿನ ಪೆಟ್ಟಿಗೆ ನಾನು ಹಿಡಿದುಕೊಂಡು ನಿಂತಿದ್ದೆ. ಅವತ್ತು ಊಟ ಇರಲಿಲ್ಲ, ಒಂದೊಂದು ಲೋಟ ಟೀ ಅಷ್ಟೇ. ಕೊಬ್ಬರಿ ವ್ಯಾಪಾರಿ ಟೀ ಹಿಡಿದುಕೊಂಡೇ ನಮ್ಮ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

"ಬ್ಯಾಸರ ಮಾಡ್ಕಬ್ಯಾಡಿ ಅಮ್ಮಾರೇ. ಅವತ್ತಿನಂಗೆ ಬರ್ಲಿಲ್ಲ ಇವತ್ತು."

ನನ್ನ ಬಾಯಿಗೆ ಬಂದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಾಯಿ ತೆರೆದದ್ದೂ ಹೌದು. ಅಕ್ಕ ನನ್ನ ಮಣಿಕಟ್ಟು ಗಟ್ಟಿಯಾಗಿ ಒತ್ತಿ ಹಿಡಿದು ಅವರನ್ನು ಕೇಳಿದಳು, "ಎಲ್ಲಿ ಕೆಟ್ಟಿತು ಹೇಳಿ?"

ಅವರು ಯೋಚನೆ ಮಾಡಿದರು. "ಈ ಎಣಿಸೋದು ಐತಲ್ಲ, ಮೂರ್ನೇ ಸಲದ್ದು, ಅದಾದ್ಮೇಲೆ. ಮೇಲಕ್ಕೆ ಎಳೆದ್ರಲ್ಲ, ಅಲ್ಲಿ ಕೈ ಅದುರ್ತು. ಅವತ್ತು ಹಂಗೇನೂ ಆಗ್ಲಿಲ್ಲ."

"ಅದುರಿತು" ಎಂದಳು ಅಕ್ಕ. "ಸರಿಯಾಗಿ ಹೇಳಿದ್ರಿ."

ಬಸ್ ಸ್ಟ್ಯಾಂಡಿನ ತನಕ ನಾನು ಬೈಯುತ್ತಲೇ ಬಂದೆ. ಆಗದೇ ಇದ್ದದ್ದನ್ನು ಆದದ್ದರ ಮೇಲೆ ಕೂರಿಸುವ ಜನ, ಇವರ ಕಿವಿಗೆ ಸಗಣಿ ಮೆತ್ತಬೇಕು, ಇನ್ನು ಈ ಊರಿನಲ್ಲಿ ಕಮಾನು ಮುಟ್ಟಬೇಡ. ಅಕ್ಕ ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಸುಮ್ನಿರೋ. ಇಷ್ಟು ವರ್ಷದಲ್ಲಿ ನನ್ನ ಪಿಟೀಲು ಚೆನ್ನಾಗಿರಲಿಲ್ಲ ಅಂದೋರು ಇವರೊಬ್ಬರೇ ಕಣೋ. ಕೇಳಿಸ್ಕೊಂಡಿದಾರೆ."

ಬೀರೂರಿನ ಬಸ್ಸು ಬಂತು. ಹತ್ತಿ ಕಿಟಕಿಯಿಂದ ನೋಡಿದೆ. ಅವಳು ಪೆಟ್ಟಿಗೆ ಹಿಡಿದುಕೊಂಡು ಮನೆಯ ಕಡೆ ಬೇಗಬೇಗ ನಡೆಯುತ್ತಿದ್ದಳು, ಕೈ ಅದುರಿದ ಆ ಜಾಗವನ್ನು ಸರಿಮಾಡಿಕೊಳ್ಳಲು. ನನ್ನ ಅಸಹ್ಯ ಕಡಿಮೆಯಾಗಲಿಲ್ಲ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಕಡೂರಿನವರೆಗೂ ಹಾಗೇ ಕೂತಿದ್ದೆ.